ಫೋನ್ ಒಳಗಿನ ಚಿಪ್ ಯಾರು ಮಾಡುತ್ತಾರೆ?

ಪ್ರಶ್ನೆ: ಸರ್, ಮಗಳಿಗೆ ಫೋನ್ ಕೊಡಿಸಬೇಕು. ಒಂದರ ಡಬ್ಬಿ ಮೇಲೆ ಸ್ನ್ಯಾಪ್‌ಡ್ರ್ಯಾಗನ್ ಅಂತಿದೆ, ಇನ್ನೊಂದರ ಮೇಲೆ ಡೈಮೆನ್ಸಿಟಿ. ಚಿಪ್‌ನ ಫೋನ್ ಕಂಪನಿಯವರೇ ಮಾಡಲ್ವಾ?

ಉತ್ತರ (ಚಿಪ್ ಡಿಸೈನ್ ಎಂಜಿನಿಯರ್, ಬೆಂಗಳೂರು): ಹೆಚ್ಚಿನವರು ಮಾಡಲ್ಲ ಮೇಡಂ, ಕೊಳ್ಳುತ್ತಾರೆ. ಸ್ನ್ಯಾಪ್‌ಡ್ರ್ಯಾಗನ್ ಅಮೆರಿಕದ ಕ್ವಾಲ್ಕಾಮ್‌ನದು, ಡೈಮೆನ್ಸಿಟಿ ತೈವಾನ್‌ನ ಮೀಡಿಯಾಟೆಕ್‌ನದು. ಆದರೆ ಈ ಇಬ್ಬರೂ ಪ್ರೊಸೆಸರ್ (ಫೋನ್ ನಡೆಸುವ ಮುಖ್ಯ ಚಿಪ್) ಡಿಸೈನ್ ಮಾತ್ರ ಮಾಡುತ್ತಾರೆ. ತಯಾರಿಸಲು ಬೇರೆಯವರ ಫ್ಯಾಕ್ಟರಿಗೆ ಕೊಡುತ್ತಾರೆ. ಅದಕ್ಕೆ ನಮ್ಮವರು ಫ್ಯಾಬ್ ಅನ್ನುತ್ತಾರೆ. ದೊಡ್ಡ ಫ್ಯಾಬ್ ಕಂಪನಿ ಎಂದರೆ 1987ರಲ್ಲಿ ಮೋರಿಸ್ ಚಾಂಗ್ ತೈವಾನ್‌ನಲ್ಲಿ ಕಟ್ಟಿದ ಟಿಎಸ್‌ಎಂಸಿ. ಐಫೋನ್ ಚಿಪ್ ಆಪಲ್‌ನದೇ ಡಿಸೈನ್, ತಯಾರಾಗುವುದು ಅಲ್ಲೇ. ಡಿಸೈನ್, ಫ್ಯಾಬ್ ಎರಡೂ ಇರುವುದು ಸ್ಯಾಮ್‌ಸಂಗ್‌ಗೆ. ಆದರೂ ಅವರ ಎಷ್ಟೋ ಗ್ಯಾಲಕ್ಸಿ ಫೋನ್‌ಗಳಲ್ಲಿ ಸ್ನ್ಯಾಪ್‌ಡ್ರ್ಯಾಗನ್ ಇರುತ್ತದೆ.

ಮತ್ತೊಬ್ಬರು: ಎಲ್ಲಿ ಮಾಡಿದರೇನು ಸರ್, ಡಿಸೈನ್ ಒಂದೇ ಅಲ್ವಾ?

ಉತ್ತರ: ಅಲ್ಲೇ ಇರುವುದು ವಿಷಯ. ಕ್ವಾಲ್ಕಾಮ್ ತನ್ನ ಸ್ನ್ಯಾಪ್‌ಡ್ರ್ಯಾಗನ್ 8 ಜೆನ್ 1 ಚಿಪ್ ಅನ್ನು ಸ್ಯಾಮ್‌ಸಂಗ್ ಫ್ಯಾಬ್‌ನಲ್ಲಿ ಮಾಡಿಸಿತು. ಫೋನ್ ಬಿಸಿಯಾಗುತ್ತದೆ ಎಂಬ ದೂರು ಜೋರಾಗಿ ಬಂತು. 2022ರಲ್ಲಿ ಹೆಚ್ಚುಕಮ್ಮಿ ಅದೇ ಡಿಸೈನ್ ಅನ್ನು ಟಿಎಸ್‌ಎಂಸಿಯಲ್ಲಿ ಮಾಡಿಸಿ 8 ಪ್ಲಸ್ ಜೆನ್ 1 ಎಂದು ಬಿಟ್ಟಿತು. ವೇಗ ಸ್ವಲ್ಪ ಹೆಚ್ಚಿತು, ಬ್ಯಾಟರಿ ಖರ್ಚು ಚೆನ್ನಾಗಿಯೇ ತಗ್ಗಿತು. ಹೆಸರಲ್ಲಿ ಒಂದು ಪ್ಲಸ್ ಅಷ್ಟೇ. ಆದರೆ ಫೋನ್ ಕೈಯಲ್ಲಿ ಹಿಡಿದವರಿಗೆ ವ್ಯತ್ಯಾಸ ಗೊತ್ತಾಗುತ್ತಿತ್ತು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಈ ಪ್ಲಸ್ ಇದೆಯಾ ಎಂದು ಖಂಡಿತ ನೋಡಿ.

ಇನ್ನು ಫೋನ್‌ನಲ್ಲಿರುವುದು ಪ್ರೊಸೆಸರ್ ಚಿಪ್ ಒಂದೇ ಅಲ್ಲ. ರ‍್ಯಾಮ್ (ಫೋನ್ ಕೆಲಸ ಮಾಡುವಾಗ ಬಳಸುವ ಮೆಮೊರಿ) ಹೆಚ್ಚಾಗಿ ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್‌ನಿಂದ ಬರುತ್ತದೆ. ಬೆಳಕನ್ನು ಚಿತ್ರವಾಗಿಸುವ ಚಿಪ್, ಅಂದರೆ ಕ್ಯಾಮೆರಾ ಸೆನ್ಸರ್‌ನಲ್ಲಿ ಸೋನಿ ಮುಂದು.

ಇನ್ನೊಬ್ಬರು: ನಮ್ಮ ಕೋಲಾರದ ನರಸಾಪುರದಲ್ಲಿ ಐಫೋನ್ ಮಾಡ್ತಾರಲ್ಲ ಸರ್, ಚಿಪ್ ಕೂಡ ಅಲ್ಲೇನಾ?

ಉತ್ತರ: ಇಲ್ಲ, ಅಲ್ಲಿ ಬಿಡಿಭಾಗ ತರಿಸಿ ಜೋಡಿಸುತ್ತಾರೆ. ಆದರೆ ಕ್ವಾಲ್ಕಾಮ್, ಮೀಡಿಯಾಟೆಕ್, ಸ್ಯಾಮ್‌ಸಂಗ್ ಮೂವರಿಗೂ ಬೆಂಗಳೂರಲ್ಲಿ ಡಿಸೈನ್ ಆಫೀಸ್ ಇದೆ. ಎಲೆಕ್ಟ್ರಾನಿಕ್ಸ್ ಓದುತ್ತಿರುವ ಮಕ್ಕಳು ಮನೆಯಲ್ಲಿದ್ದರೆ ದಯವಿಟ್ಟು ಹೇಳಿ. ಸಾಫ್ಟ್‌ವೇರ್ ಒಂದೇ ದಾರಿ ಎಂದು ಸುಮ್ನೆ ಅತ್ತ ಹೋಗಿಬಿಡುತ್ತಾರೆ. ಇಲ್ಲಿ ಒಳ್ಳೆಯ ಕೆಲಸವಿದೆ.

ಮೊದಲು ಕೇಳಿದ ಮೇಡಂಗೆ: ಬ್ರ್ಯಾಂಡ್ ಹೆಸರು ನೋಡಿ ತೀರ್ಮಾನ ಮಾಡಬೇಡಿ. ಎರಡರಲ್ಲೂ ಅಗ್ಗದ ಚಿಪ್ ಇದೆ, ದುಬಾರಿಯದೂ ಇದೆ. ಹೆಸರಿನ ಮುಂದಿರುವ ನಂಬರ್ ಇಲ್ಲಿ ಹಾಕಿ, ಯಾವುದು ತಗೋಬಹುದು ಹೇಳುತ್ತೇನೆ.