ಪ್ರೋಟೀನ್ ‘ವಿಭಜನೆ’ಯೋ, ‘ವಿಘಟನೆ’ಯೋ, ಸೀಳುವುದೋ?

ಪ್ರಶ್ನೆ: ಪದವಿ ತರಗತಿಯ ಪಾಠವೊಂದನ್ನು ತಿದ್ದುತ್ತಿದ್ದೇನೆ. ಅದರಲ್ಲಿ ಈ ಸಾಲಿದೆ: “ಕೋಶವಿಭಜನೆಯ ವೇಳೆ ಎಪಿಸಿ/ಸಿ ಕಿಣ್ವವು ಸೆಕ್ಯುರಿನ್ ಮತ್ತು ಸೈಕ್ಲಿನ್-ಬಿ ಪ್ರೋಟೀನುಗಳನ್ನು ವಿಭಜಿಸುತ್ತದೆ; ಸೆಪರೇಸ್ ಕಿಣ್ವವು ಕೊಹೆಸಿನನ್ನು ವಿಘಟಿಸುತ್ತದೆ.” ಮುಂದಿನ ಪುಟದಲ್ಲಿ ‘ಪ್ರೋಟೀನ್ ಅವನತಿ’ ಎಂದೂ ಇದೆ. ಈ ಪದಗಳನ್ನು ಹೀಗೇ ಉಳಿಸಬಹುದೇ?

ಉತ್ತರ: ದಯವಿಟ್ಟು ಉಳಿಸಬೇಡಿ. ‘ಅವನತಿ’ ಸಾಮ್ರಾಜ್ಯಕ್ಕೆ, ಕಲೆಗೆ ಬರುವಂಥದ್ದು, ಪ್ರೋಟೀನಿಗೆ ಸಲ್ಲದು. ‘ವಿಭಜನೆ’ಯನ್ನು ಜೀವಕೋಶಕ್ಕೇ ಮೀಸಲಿಡಿ. ಆದರೆ ದೊಡ್ಡ ತೊಡಕು ಬೇರೆ: ಆ ಸಾಲಿನ ಎರಡು ಕ್ರಿಯಾಪದಗಳೂ ಕಿಣ್ವಗಳ ಕೆಲಸವನ್ನೇ ತಪ್ಪಾಗಿ ಹೇಳುತ್ತವೆ. (ಸೆಕ್ಯುರಿನ್ ಸೆಪರೇಸನ್ನು ತಡೆದಿಡುವ ಪ್ರೋಟೀನು; ಸೈಕ್ಲಿನ್-ಬಿ ಕೋಶವನ್ನು ವಿಭಜನೆಗೆ ಒಯ್ಯುವ ಸಿಡಿಕೆ1 ಕಿಣ್ವವನ್ನು ಚುರುಕುಗೊಳಿಸುವ ಪ್ರೋಟೀನು.)

ಎಪಿಸಿ/ಸಿ ಯಾವ ಪ್ರೋಟೀನನ್ನೂ ಒಡೆಯುವುದಿಲ್ಲ. ಅದು ಲೈಗೇಸ್, ಅಂದರೆ ಜೋಡಿಸುವ ಕಿಣ್ವ. 76 ಅಮೈನೊ ಆಮ್ಲಗಳ ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನನ್ನು ಇ1 ಕಿಣ್ವ ಎಟಿಪಿ ಖರ್ಚು ಮಾಡಿ ಸಕ್ರಿಯಗೊಳಿಸುತ್ತದೆ, ಇ2 ಅದನ್ನು ಹೊತ್ತು ತರುತ್ತದೆ, ಇ3 ವರ್ಗದ ಎಪಿಸಿ/ಸಿ ಯಾರಿಗೆ ಅಂಟಿಸಬೇಕೆಂದು ಆರಿಸುತ್ತದೆ. ಅಂಟುವುದು ಗುರಿ ಪ್ರೋಟೀನಿನ ಲೈಸೀನ್ ಎಂಬ ಅಮೈನೊ ಆಮ್ಲದ ಮೇಲೆ. ಒಂದರ ಮೇಲೊಂದು ಸೇರಿ ಸರಪಳಿ ಬೆಳೆಯುತ್ತದೆ. ಆ ಸರಪಳಿಯನ್ನು ಗುರುತಿಸಿ, ಪ್ರೋಟೀನನ್ನು ಬಿಚ್ಚಿ ಒಳಗೆಳೆದು, ಚಿಕ್ಕ ಪೆಪ್ಟೈಡುಗಳಾಗಿ ಕತ್ತರಿಸುವುದು 26ಎಸ್ ಪ್ರೋಟಿಯೇಸೋಮ್. ‘ವಿಘಟನೆ’ ಒಪ್ಪುವುದು ಈ ಕೊನೆಯ ಹಂತಕ್ಕೆ. ಯುಬಿಕ್ವಿಟಿನ್ ಮಾತ್ರ ಬಿಡಿಸಿಕೊಂಡು ಮರುಬಳಕೆಗೆ ಸಿಗುತ್ತದೆ.

ಈ ವ್ಯತ್ಯಾಸ ಪ್ರಯೋಗದಲ್ಲಿಯೂ ಕಾಣುತ್ತದೆ. ಎಂಜಿ132 ಎಂಬ ರಾಸಾಯನಿಕ ಹಾಕಿ ಪ್ರೋಟಿಯೇಸೋಮನ್ನು ತಡೆದರೆ ಕೋಶಗಳು ಮೆಟಾಫೇಸಿನಲ್ಲೇ, ಅಂದರೆ ವರ್ಣತಂತುಗಳ ಜೋಡಿಗಳು ಬೇರೆಯಾಗುವ ಮುಂಚಿನ ಹಂತದಲ್ಲೇ, ನಿಲ್ಲುತ್ತವೆ, ಸೈಕ್ಲಿನ್-ಬಿ ಕುಸಿಯುವುದಿಲ್ಲ, ಯುಬಿಕ್ವಿಟಿನ್ ಅಂಟಿದ ಪ್ರೋಟೀನುಗಳು ಗುಡ್ಡೆ ಬೀಳುತ್ತವೆ. “ಎಪಿಸಿ/ಸಿ ವಿಭಜಿಸುತ್ತದೆ” ಎಂದು ಓದಿದ ವಿದ್ಯಾರ್ಥಿಗೆ ಈ ಫಲಿತಾಂಶ ಅರ್ಥವೇ ಆಗದು. ಎಂಜಿ132 ಎಪಿಸಿ/ಸಿಯನ್ನೇ ತಡೆಯಿತು ಎಂದು ತಿಳಿದುಬಿಡುತ್ತಾರೆ.

ಸೆಪರೇಸ್ ಕಥೆ ಇದಕ್ಕೆ ತಿರುಗುಮುರುಗು. ಅದು ನಿಜಕ್ಕೂ ಪ್ರೋಟಿಯೇಸ್, ಅಂದರೆ ಪ್ರೋಟೀನನ್ನು ಕತ್ತರಿಸುವ ಕಿಣ್ವ, ಆದರೆ ವರ್ಣತಂತುವಿನ ಎರಡು ಪ್ರತಿಗಳನ್ನು (ಸೋದರಿ ಕ್ರೊಮ್ಯಾಟಿಡ್‌ಗಳನ್ನು) ಕೂಡಿಸಿ ಹಿಡಿದಿಡುವ ಕೊಹೆಸಿನ್ ಉಂಗುರದ ಒಂದು ಘಟಕವನ್ನು ನಿಗದಿತ ಜಾಗಗಳಲ್ಲಿ ಮಾತ್ರ ಕತ್ತರಿಸುತ್ತದೆ. ಉಂಗುರ ತೆರೆದುಕೊಂಡು ಸೋದರಿ ಕ್ರೊಮ್ಯಾಟಿಡ್‌ಗಳು ಬೇರೆಯಾಗುತ್ತವೆ. ಇದಕ್ಕೆ ‘ಸೀಳು’ ಎನ್ನಿ. ಯೀಸ್ಟಿನಲ್ಲಿ ಹೀಗೆ ಸೀಳಿ ಉಳಿದ ತುಂಡನ್ನು ಪ್ರೋಟಿಯೇಸೋಮ್ ಆಮೇಲೆ ವಿಘಟಿಸುತ್ತದೆ. ಅದು ವಿಘಟನೆಯಾಗದೆ ಉಳಿದರೆ ವರ್ಣತಂತುಗಳು ಕಳೆದುಹೋಗುವುದು ಹೆಚ್ಚುತ್ತದೆ. ಎರಡಕ್ಕೂ ಒಂದೇ ಪದ ಬಳಸಿದರೆ ಈ ಸಂಗತಿಯನ್ನು ಬರೆಯಲು ಕನ್ನಡದಲ್ಲಿ ದಾರಿಯೇ ಇರದು.

ಇಂಥ ಪಾಠಗಳಲ್ಲಿ ಬರುವ ‘ನಿಯಂತ್ರಣ’ ಪದದ ಬಗ್ಗೆಯೂ ಒಂದು ಮಾತು. ಎಲ್ಲ ವರ್ಣತಂತುಗಳೂ ಅವನ್ನು ಎಳೆಯುವ ಕದಿರೆಳೆಗಳಿಗೆ (ಸ್ಪಿಂಡಲ್ ನೂಲುಗಳಿಗೆ) ಸರಿಯಾಗಿ ಕೂಡುವವರೆಗೆ ಮ್ಯಾಡ್2, ಬಬ್‌ಆರ್1 ಮುಂತಾದ ಕಾವಲು ಪ್ರೋಟೀನುಗಳು ಎಪಿಸಿ/ಸಿಗೆ ಬೇಕಾದ ಸಿಡಿಸಿ20 ಎಂಬ ಸಹಾಯಕವನ್ನು ಹಿಡಿದಿಟ್ಟಿರುತ್ತವೆ. ಅದು ಬಿಡುಗಡೆಯಾದ ಮೇಲೆಯೇ ಸೆಕ್ಯುರಿನ್, ಸೈಕ್ಲಿನ್-ಬಿ ವಿಘಟನೆಗೆ ಒಳಗಾಗುವುದು. ಇಲ್ಲಿ ನಿಯಂತ್ರಣ ಬೀಳುವುದು ಅಂಟಿಸುವ ಹಂತದ ಮೇಲೆ. ಆದ್ದರಿಂದ ‘ವಿಘಟನೆಯ ಸಮಯ ನಿಯಂತ್ರಣ’ ಎಂದರೆ ಇನ್ನಷ್ಟು ಖಚಿತ. ಪ್ರೋಟೀನನ್ನು ನಿಯಂತ್ರಿಸುವ ಇನ್ನೊಂದು ದಾರಿಯಾದ ಫಾಸ್ಫೇಟನ್ನು ಹಾಕಿ ತೆಗೆಯಬಹುದು, ಆದರೆ ವಿಘಟಿತ ಪ್ರೋಟೀನನ್ನು ಹೊಸದಾಗಿಯೇ ತಯಾರಿಸಬೇಕು. ಕೋಶಚಕ್ರ ಹಿಂದಕ್ಕೆ ತಿರುಗದಿರಲು ಇದೊಂದು ಮುಖ್ಯ ಕಾರಣ. ಬ್ರಿಟಿಷ್ ಜೀವರಸಾಯನ ವಿಜ್ಞಾನಿ ಟಿಮ್ ಹಂಟ್ 1982ರಲ್ಲಿ ಕಡಲ ಮುಳ್ಳುಚೆಂಡಿನ ಮೊಟ್ಟೆಗಳಲ್ಲಿ ಕಂಡದ್ದೂ ಪ್ರತಿ ವಿಭಜನೆಯ ಹೊತ್ತಿಗೆ ಒಂದು ಪ್ರೋಟೀನು ಥಟ್ಟನೆ ಇಲ್ಲವಾಗುವುದನ್ನೇ, ಅದೇ ಸೈಕ್ಲಿನ್.

ಸೆಕ್ಯುರಿನ್, ಸೈಕ್ಲಿನ್‌ಗಳನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಬೇಡಿ. ವಿಘಟನೆಯಾಗದಂತೆ ಬದಲಿಸಿದ ಸೆಕ್ಯುರಿನ್ ಇದ್ದರೆ ಸೋದರಿಗಳು ಬೇರೆಯಾಗುವುದಿಲ್ಲ. ಹಾಗೆಯೇ ಬದಲಿಸಿದ ಸೈಕ್ಲಿನ್-ಬಿ ಇದ್ದರೆ ಬೇರೆಯಾಗಬಲ್ಲವು, ಆದರೆ ಸಿಡಿಕೆ1 ಚುರುಕಾಗಿಯೇ ಉಳಿದು ಕೋಶ ಮೈಟಾಸಿಸ್‌ನಿಂದ (ವರ್ಣತಂತುಗಳು ಹಂಚಿಹೋಗುವ ವಿಭಜನೆಯ ಹಂತದಿಂದ) ಹೊರಬರುವುದಿಲ್ಲ.

ತಿದ್ದಿದ ಸಾಲು ಹೀಗಿರಲಿ: “ಎಪಿಸಿ/ಸಿ ಕಿಣ್ವವು ಸೆಕ್ಯುರಿನ್ ಮತ್ತು ಸೈಕ್ಲಿನ್-ಬಿಗಳಿಗೆ ಯುಬಿಕ್ವಿಟಿನ್ ಸರಪಳಿ ಅಂಟಿಸುತ್ತದೆ, ಪ್ರೋಟಿಯೇಸೋಮ್ ಅವನ್ನು ವಿಘಟಿಸುತ್ತದೆ. ಸೆಕ್ಯುರಿನ್ ಹೋದಾಗ ಬಿಡುಗಡೆಯಾದ ಸೆಪರೇಸ್ ಕೊಹೆಸಿನನ್ನು ಸೀಳುತ್ತದೆ.”