ತಮ್ಮನಿಗೆ ಕಿಡ್ನಿ ಬಯಾಪ್ಸಿ ಅಂತಿದ್ದಾರೆ, ಮಾಡಿಸಿದವರು ಅನುಭವ ಹೇಳಿ

ಮಾನ್ವಿ ಹುಡುಗಿ:
ನನ್ನ ತಮ್ಮನಿಗೆ 19 ವರ್ಷ. ಒಂದು ತಿಂಗಳಿಂದ ಕಾಲು ಬಾವು, ಬೆಳಿಗ್ಗೆ ಕಣ್ಣು ತೆರೆಯಲಾರದಷ್ಟು ಮುಖ ಊದಿರುತ್ತದೆ. ಮೂತ್ರ ಬರೀ ನೊರೆ. 24 ಗಂಟೆಯ ಮೂತ್ರದಲ್ಲಿ ಪ್ರೋಟೀನ್ 6.2 ಗ್ರಾಂ, ರಕ್ತದಲ್ಲಿ ಅಲ್ಬುಮಿನ್ ಅನ್ನೋ ಪ್ರೋಟೀನ್ 2.1ಕ್ಕೆ ಇಳಿದಿದೆ, ಕಿಡ್ನಿ ಕೆಲಸ ತೋರಿಸೋ ಕ್ರಿಯಾಟಿನಿನ್ ಮಾತ್ರ ಸರಿ ಇದೆ, 0.9. ರಾಯಚೂರಿನ ಡಾಕ್ಟರು ಬಯಾಪ್ಸಿ ಮಾಡಿಸಿ ಅಂತಿದ್ದಾರೆ. ಅಮ್ಮ ಮಾತ್ರ "ಇರೋ ಕಿಡ್ನಿಗೆ ಸೂಜಿ ಚುಚ್ಚಿಸಿ ಹಾಳು ಮಾಡಬೇಡಿ" ಅಂತ ಹಟ ಹಿಡಿದಿದ್ದಾರೆ. ಎಲ್ಲಿ ಮಾಡಿಸಿದಿರಿ, ಖರ್ಚೆಷ್ಟು, ಆಮೇಲೆ ಏನಾಯಿತು, ಹೇಳಿ.

ಸಿಂಧನೂರು ಭತ್ತದ ಗದ್ದೆ:
ತಂಗೀ, ನಾನು ಒಂದಲ್ಲ, ಎರಡು ಸಲ ಚುಚ್ಚಿಸಿಕೊಂಡವನು. 2018ರಲ್ಲಿ, ಹೈದರಾಬಾದಿನಲ್ಲಿ. ನಮ್ಮ ಕಡೆಯವರು ಇನ್ನೆಲ್ಲಿಗೆ ಹೋಗ್ತೀವಿ? ಬೋರಲು ಮಲಗಿಸಿ ಹೊಟ್ಟೆ ಕೆಳಗೆ ದಿಂಬು ಇಟ್ಟರು. ಬೆನ್ನಿಗೆ ಮರಗಟ್ಟೋ ಇಂಜೆಕ್ಷನ್. ಸ್ಕ್ಯಾನಿಂಗ್ ನೋಡ್ತಾ ನೋಡ್ತಾ "ಉಸಿರು ಬಿಗಿ ಹಿಡಿ" ಅಂದರು. ಸ್ಟೇಪ್ಲರ್ ಹೊಡೆದ ಹಾಗೆ ಟಕ್ ಅಂತ ಸದ್ದು. ಸೂಜಿಯೊಳಗೆ ಶಾವಿಗೆ ಎಳೆಯಷ್ಟು ತುಂಡು ಬಂತು. ನೋವು ಅಂಥದ್ದೇನಿಲ್ಲ. ಆಮೇಲೆ ಆರು ಗಂಟೆ ಅಂಗಾತ ಮಲಗಿರೋದೇ ಶಿಕ್ಷೆ. ಎರಡು ಸಲ ಮೂತ್ರ ಕೆಂಪಗೆ ಬಂತು, ಮೂರನೇ ಸಲ ತಿಳಿಯಾಯಿತು.

ಎಂಟು ದಿನಕ್ಕೆ ರಿಪೋರ್ಟ್. ಏನು ಬರೆದಿದ್ದರು ಗೊತ್ತಾ? "ಎರಡು ಗ್ಲೋಮೆರುಲಸ್ ಮಾತ್ರ ಸಿಕ್ಕಿವೆ, ನಿರ್ಣಯ ಸಾಧ್ಯವಿಲ್ಲ." ಸೂಜಿ ಆಳಕ್ಕೆ ಹೋಗಿ ಒಳಗಿನ ಮೆಡುಲ್ಲಾ ಕಿತ್ತುಕೊಂಡು ಬಂದಿತ್ತು. ಗ್ಲೋಮೆರುಲಸ್ ಅಂದರೆ ರಕ್ತ ಸೋಸೋ ಪುಟ್ಟ ಜರಡಿ, ಅದು ಇರೋದು ಹೊರಗಿನ ಕಾರ್ಟೆಕ್ಸ್‌ನಲ್ಲಿ ಮಾತ್ರ. ಒಂದೊಂದು ಕಿಡ್ನಿಯಲ್ಲಿ ಸುಮಾರು ಹತ್ತು ಲಕ್ಷ ಇರ್ತಾವಂತೆ. ನನ್ನ ಪಾಲಿಗೆ ಬಂದದ್ದು ಎರಡು!

ಲೆಕ್ಕ ಬರೆದಿಟ್ಟಿದ್ದೇನೆ. ಸೂಜಿ 2,100, ಬೆಡ್ 3,500, ಲ್ಯಾಬ್ 8,200, ರಕ್ತ ಹೆಪ್ಪುಗಟ್ಟೋ ಟೆಸ್ಟ್ 900, ಲಾಡ್ಜ್ ಮೂರು ರಾತ್ರಿಗೆ 2,700, ಇಬ್ಬರ ಬಸ್ಸು ಮತ್ತು ಆಟೋ 1,600. ಒಟ್ಟು 19,000. ಎರಡನೇ ಸಲ ಸೂಜಿ ದುಡ್ಡು ಬಿಟ್ಟರು, ಲ್ಯಾಬಿನದು ಒಂದು ಪೈಸೆ ಬಿಡಲಿಲ್ಲ. ಎರಡೂ ಸೇರಿ 35,900. ಅದು ಆ ವರ್ಷದ ಗೊಬ್ಬರದ ದುಡ್ಡು. ಎರಡನೇ ತುಂಡಿನಲ್ಲಿ 17 ಸಿಕ್ಕವು, ಮೆಂಬ್ರೇನಸ್ ಅನ್ನೋ ಜರಡಿಯ ಕಾಯಿಲೆ ಅಂತ ಗೊತ್ತಾಯಿತು.

ಗಂಗಾವತಿ ಅಮ್ಮ:
ಸೂಜಿ ಬೇಡವೇ ಬೇಡಮ್ಮಾ. ನನ್ನ ಮಗನಿಗೂ ಐದನೇ ವಯಸ್ಸಿಗೆ ಇದೇ ಆಗಿತ್ತು. ಇದೇ ಬಾವು, ಇದೇ ನೊರೆ. ಬಯಾಪ್ಸಿ ಗಿಯಾಪ್ಸಿ ಏನೂ ಇಲ್ಲ. ಪ್ರೆಡ್ನಿಸೊಲೋನ್ ಅನ್ನೋ ಸ್ಟೀರಾಯ್ಡ್ ಮಾತ್ರೆ ಶುರು ಮಾಡಿದರು, ಹನ್ನೊಂದನೇ ದಿನಕ್ಕೆ ಪ್ರೋಟೀನ್ ನಿಂತಿತು. ಹಾಗಂತ ಅಲ್ಲಿಗೆ ಮುಗಿಯಲಿಲ್ಲ. ಐದು ಸಲ ಮರಳಿ ಬಂತು. ನೆಗಡಿ ಬಂದರೆ ಸಾಕು, ಮೂರು ದಿನಕ್ಕೆ ಮತ್ತೆ ಬಾವು. ದಿನಾ ಬೆಳಿಗ್ಗೆ ಮೂತ್ರದಲ್ಲಿ ಟೆಸ್ಟ್ ಪಟ್ಟಿ ಅದ್ದಿ ಬಣ್ಣ ನೋಡೋದು, ನೋಟ್‌ಬುಕ್ಕಿನಲ್ಲಿ ಪ್ಲಸ್ ಎಷ್ಟು ಅಂತ ಬರೆಯೋದು. ಈಗ ನಾಲ್ಕನೇ ನೋಟ್‌ಬುಕ್ ನಡೀತಿದೆ. ಮಾತ್ರೆ ತಿಂದು ಮುಖ ದುಂಡಗಾಗಿ ಶಾಲೆಯಲ್ಲಿ ಎಲ್ಲರೂ "ಬೂಂದಿ ಲಾಡು" ಅಂತಿದ್ದರು. ಆದರೂ ಮಗುವಿಗೆ ಚುಚ್ಚಿಸಲಿಲ್ಲ ಅನ್ನೋ ಸಮಾಧಾನ ಇದೆ.

ಕೌಲ್ ಬಜಾರ್ ಲ್ಯಾಬ್:
ಅಕ್ಕಾ, ಐದು ವರ್ಷದ ಮಗುವೇ ಬೇರೆ, 19ರ ಹುಡುಗನೇ ಬೇರೆ. ಚಿಕ್ಕ ಮಕ್ಕಳಲ್ಲಿ ಬಹುಪಾಲು ಮಿನಿಮಲ್ ಚೇಂಜ್ ಅನ್ನೋ ಕಾಯಿಲೆ ಇರುತ್ತದೆ, ಅದಕ್ಕೇ ಮೊದಲು ಸ್ಟೀರಾಯ್ಡ್ ಕೊಟ್ಟು ನೋಡ್ತಾರೆ. ದೊಡ್ಡವರಲ್ಲಿ ಅದೂ ಇರಬಹುದು, ಜರಡಿಗಳಲ್ಲಿ ಅಲ್ಲಲ್ಲಿ ಕಲೆಗಟ್ಟೋ ಎಫ್‌ಎಸ್‌ಜಿಎಸ್ ಇರಬಹುದು, ಮೆಂಬ್ರೇನಸ್, ಮೈಯ ರಕ್ಷಣಾ ವ್ಯವಸ್ಥೆಯೇ ಮೈಮೇಲೆ ತಿರುಗಿ ಬೀಳೋ ಲೂಪಸ್, ಯಾವುದೂ ಇರಬಹುದು. ನೊರೆ ಎಲ್ಲದರಲ್ಲೂ ಒಂದೇ, ಔಷಧಿ ಬೇರೆ ಬೇರೆ.

22 ವರ್ಷದಿಂದ ಬಳ್ಳಾರಿಯಲ್ಲಿ ಇದೇ ಕೆಲಸ. ಜನ ಬೆಳಿಗ್ಗೆ ಐದಕ್ಕೆ ಹಿಡಿದ ಮೂತ್ರವನ್ನು ಹಳೇ ನೀರಿನ ಬಾಟ್ಲಿಯಲ್ಲಿ ಹಾಕಿ ಮಧ್ಯಾಹ್ನ ಎರಡಕ್ಕೆ ತರ್ತಾರೆ. ಮೇ ತಿಂಗಳ ಬಳ್ಳಾರಿ ಬಿಸಿಲು! ಅಷ್ಟರಲ್ಲಿ ಕಣಗಳೆಲ್ಲ ಒಡೆದು ಹೋಗಿರ್ತವೆ, ಬ್ಯಾಕ್ಟೀರಿಯಾ ಸಂತೆ ನೆರೆದಿರುತ್ತದೆ. ಎರಡು ಗಂಟೆಯೊಳಗೆ ತನ್ನಿ ಅಂದರೆ ನಮ್ಮ ಮೇಲೇ ರೇಗ್ತಾರೆ. ಒಂದು ಸಲ ಹಡಗಲಿ ಕಡೆಯ ಹುಡುಗಿಯೊಬ್ಬಳು ಲ್ಯಾಬಲ್ಲೇ ಸ್ಯಾಂಪಲ್ ಕೊಟ್ಟಳು. ಯಂತ್ರದಲ್ಲಿ ಗಿರ್ರನೆ ತಿರುಗಿಸಿ, ತಳದ ಗಸಿ ಸ್ಲೈಡಿಗೆ ಹಾಕಿ ನೋಡಿದೆ. ಕೆಂಪು ಕಣಗಳು ಒತ್ತಾಗಿ ಸೇರಿ, ಚಕ್ಕುಲಿ ಒರಳಿನಿಂದ ಒತ್ತಿದ ಹಾಗೆ ಉದ್ದುದ್ದ ಕೂತಿವೆ. ಕಿಡ್ನಿಯ ಸಣ್ಣ ನಾಳದೊಳಗೆ ಅಚ್ಚಾಗಿ ಬಂದ ಕಾಸ್ಟ್ ಅದು. ಅಂದರೆ ರಕ್ತ ಸೋರ್ತಿರೋದು ಮೂತ್ರಚೀಲದಲ್ಲಲ್ಲ, ಮೇಲೆ ಜರಡಿಯಲ್ಲೇ. ತಕ್ಷಣ ಡಾಕ್ಟರಿಗೆ ಫೋನ್ ಮಾಡಿದೆ. ಹುಡುಗಿ ಈಗ ಆರಾಮಾಗಿದ್ದಾಳೆ. ನನ್ನನ್ನು ಯಾರು ನೆನೀತಾರೆ ಬಿಡಿ.

ಸಿಂಧನೂರಿನ ಅಣ್ಣಾ, ಮೆಂಬ್ರೇನಸ್‌ಗೆ ಈಗ ಪಿಎಲ್‌ಎ2ಆರ್ ಅಂತ ರಕ್ತದ ಟೆಸ್ಟ್ ಇದೆ. ಅದು ಪಾಸಿಟಿವ್ ಬಂದು, ಕಿಡ್ನಿ ಚೆನ್ನಾಗಿ ಕೆಲಸ ಮಾಡ್ತಿದ್ದರೆ ಎಷ್ಟೋ ಜನಕ್ಕೆ ಚುಚ್ಚೋದೇ ಬೇಡ. 2021ರ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲೇ ಇದೆ.

ಸಿಂಧನೂರು ಭತ್ತದ ಗದ್ದೆ:
2021ರ ಮಾತು 2018ರಲ್ಲಿ ಚುಚ್ಚಿಸಿಕೊಂಡವನಿಗೆ ಯಾಕೆ ಹೇಳ್ತೀರಿ? ಸುಮ್ನೆ ಹೊಟ್ಟೆ ಉರಿಸೋಕಾ? 35,900 ನೀವು ಕೊಡ್ತೀರಾ?

ಗಂಗಾವತಿ ಅಮ್ಮ:
ಏನ್ರೀ ಲ್ಯಾಬಿನವರೇ, "ಮಿನಿಮಲ್" ಅಂದರೆ? ಐದು ವರ್ಷ ನಿದ್ದೆಗೆಟ್ಟಿದ್ದೇನೆ. ಇದು ನಿಮಗೆ ಮಿನಿಮಲ್ಲಾ?

ಕೌಲ್ ಬಜಾರ್ ಲ್ಯಾಬ್:
ಹೆಸರಿಟ್ಟವನು ನಾನಲ್ಲಕ್ಕಾ. ಮಾಮೂಲಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಎಲ್ಲ ಸರಿ ಇದ್ದ ಹಾಗೇ ಕಾಣುತ್ತೆ, ಅದಕ್ಕೆ ಆ ಹೆಸರು. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರೇ ಬಂಡವಾಳ ಬಯಲಾಗೋದು. ಜರಡಿಯ ರಕ್ತನಾಳಗಳ ಮೇಲೆ ಪೋಡೋಸೈಟ್ ಅನ್ನೋ ಕೋಶಗಳು ಕೂತಿರ್ತವೆ. ಅವುಗಳ ಸಣ್ಣ ಸಣ್ಣ ಕಾಲುಗಳು ಎರಡು ಕೈ ಬೆರಳು ಹೆಣೆದ ಹಾಗೆ ಹೆಣೆದುಕೊಂಡಿರ್ತವೆ. ಆ ಸಂದಿನಲ್ಲಿ ನೀರು, ಉಪ್ಪು ದಾಟುತ್ತೆ, ಅಲ್ಬುಮಿನ್ ದಾಟಬಾರದು. ಈ ಕಾಯಿಲೆಯಲ್ಲಿ ಕಾಲುಗಳೆಲ್ಲ ಚಪ್ಪಟೆಯಾಗಿ ಆ ಹೆಣಿಗೆ ಹಾಳಾಗುತ್ತೆ, ಅಲ್ಬುಮಿನ್ ಹರಿದು ಹೋಗುತ್ತೆ. ನಿಮ್ಮ ಕಷ್ಟ ಮಿನಿಮಲ್ ಅಂತ ಯಾರೂ ಅನ್ನಲಿಲ್ಲ.

ಕುಷ್ಟಗಿ ಕಲ್ಲುಬಂಡೆ:
ಕಿಡ್ನಿ ವಿಷಯ ಅಂದಮೇಲೆ ನನ್ನದೂ ಕೇಳಿ. 7 ಮಿ.ಮೀ. ಕಲ್ಲು. ಮೂತ್ರನಾಳ ಮೂರು ಕಡೆ ಕಿರಿದಾಗಿರುತ್ತದೆ. ನನ್ನದು ಮೂರನೇ ಕಡೆ, ಮೂತ್ರಚೀಲದ ಬಾಗಿಲಲ್ಲೇ ಸಿಕ್ಕಿಕೊಂಡಿತ್ತು. 28,000 ಕೊಟ್ಟು ತೆಗೆಸಿ, ಮೂತ್ರನಾಳದೊಳಗೆ ಸ್ಟೆಂಟ್ ಅನ್ನೋ ಸಣ್ಣ ಕೊಳವೆ ಬಿಟ್ಟರು. ಒಂದೂವರೆ ತಿಂಗಳಿಗೆ ತೆಗೆಸಬೇಕಂತೆ. ಚೀಟಿಯಲ್ಲಿ ಬರೆದಿದ್ದರಂತೆ! ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಒಂಬತ್ತು ತಿಂಗಳಾದ ಮೇಲೆ ಹೋದರೆ ಸ್ಟೆಂಟಿನ ಮೇಲೇ ಕಲ್ಲು ಕಟ್ಟಿತ್ತು. ತೆಗೆಯೋಕೆ 41,000. ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರು, ಎಚ್ಚರ ಇತ್ತು, ಟಿವಿಯಲ್ಲಿ ನನ್ನ ಮೂತ್ರಚೀಲ ನಾನೇ ನೋಡಿದೆ. ಗುಲಾಬಿ ಬಣ್ಣ, ಒಳಗೆಲ್ಲ ಸುಕ್ಕು. ನೀರು ಬಿಟ್ಟ ಹಾಗೆ ಸುಕ್ಕು ಬಿಚ್ಚಿ ನುಣ್ಣಗಾಯಿತು. ಅಲ್ಲಿನ ಪದರದ ಕೋಶಗಳು ಹಿಗ್ಗಿದಾಗ ಚಪ್ಪಟೆ ಆಗ್ತವೆ, ಖಾಲಿ ಆದಾಗ ಮತ್ತೆ ದುಂಡಗೆ ಅಂತ ಡಾಕ್ಟರು ಹೇಳಿದರು. 41,000ಕ್ಕೆ ಪಾಠ. ತಂಗೀ, ತಮ್ಮನಿಗೆ ದಿನಾ ನಾಲ್ಕು ಲೀಟರ್ ನೀರು ಕುಡಿಸು, ಬಾಳೆದಿಂಡಿನ ರಸ ಕೊಡು.

ಕೌಲ್ ಬಜಾರ್ ಲ್ಯಾಬ್:
ಅಯ್ಯೋ ಮಾರಾಯರೇ! ಬಾವು ಬಂದವನಿಗೆ ನಾಲ್ಕು ಲೀಟರಾ? ನಿಮ್ಮದು ಕಲ್ಲು, ಅವನದು ಜರಡಿ. ಬಾವು ಇರುವಾಗ ಮೊದಲು ಉಪ್ಪು ಕಡಿಮೆ ಮಾಡಬೇಕು, ನೀರು ಡಾಕ್ಟರ್ ಹೇಳಿದಷ್ಟೇ. ಒಗ್ಗಾಣಿ ಮಿರ್ಚಿ, ಉಪ್ಪಿನಕಾಯಿ, ಹಪ್ಪಳ ಎಲ್ಲ ಬಂದ್.

ಕುಷ್ಟಗಿ ಕಲ್ಲುಬಂಡೆ:
ನಮ್ಮ ಬಿಸಿಲಿಗೆ ನೀರು ಕುಡಿ ಅಂದದ್ದೂ ತಪ್ಪಾ? ನೀವು ಎಸಿಯಲ್ಲಿ ಕೂತು ಸ್ಲೈಡ್ ನೋಡೋರು.

ಸಿಂಧನೂರು ಭತ್ತದ ಗದ್ದೆ:
ಬಾಳೆದಿಂಡಿಗೆ ಕಲ್ಲು ಕರಗೋದಾದರೆ 28,000 ಯಾಕೆ ಕೊಟ್ಟಿರಿ ಕುಷ್ಟಗಿಯವರೇ?

ಕುಷ್ಟಗಿ ಕಲ್ಲುಬಂಡೆ:
ಎರಡು ಸಲ ಚುಚ್ಚಿಸಿಕೊಂಡವರು ನನಗೆ ಬುದ್ಧಿ ಹೇಳ್ತಾರೆ. ಆಪರೇಷನ್ ಆದಮೇಲೆ ಕುಡೀತಿದ್ದೇನೆ, ಮತ್ತೆ ಕಲ್ಲು ಬಂದಿಲ್ಲ.

ಮಾನ್ವಿ ಹುಡುಗಿ:
ಅಣ್ಣಾ, ನನ್ನ ತಮ್ಮನಿಗೆ ಕಲ್ಲಿಲ್ಲ. ಬುಧವಾರಕ್ಕೆ ಬೆಡ್ ಸಿಕ್ಕಿದೆ. ಅಮ್ಮ ಇನ್ನೂ ಹೂಂ ಅಂದಿಲ್ಲ, ಆದರೆ ಬ್ಯಾಗಿಗೆ ಚಾದರ ಹಾಕಿದ್ದಾರೆ. ಉಸಿರು ಎಷ್ಟು ಹೊತ್ತು ಬಿಗಿ ಹಿಡಿಯಬೇಕು ಅಂತ ತಮ್ಮ ಕೇಳ್ತಿದ್ದಾನೆ.

ಕೌಲ್ ಬಜಾರ್ ಲ್ಯಾಬ್:
ಎರಡು ತುಂಡು ತೆಗೀತಾರೆ. ಎರಡನ್ನೂ ಫಾರ್ಮಲಿನ್ ಅನ್ನೋ ದ್ರಾವಣಕ್ಕೆ ಹಾಕಿದರೆ, ಹೊಳೆಯೋ ಬಣ್ಣ ಹಚ್ಚಿ ನೋಡೋ ಇಮ್ಯುನೋಫ್ಲೋರೊಸೆನ್ಸ್ ಟೆಸ್ಟ್ ಕೆಡುತ್ತೆ, ಒಂದಕ್ಕೆ ಬೇರೆ ಡಬ್ಬಿ ಇರುತ್ತೆ. ನೀವೇ ಲ್ಯಾಬಿಗೆ ಒಯ್ಯೋದಾದರೆ ಯಾವ ಡಬ್ಬಿ ಯಾವುದಕ್ಕೆ ಅಂತ ಕೇಳಿಕೊಳ್ಳಿ.

ಸಿಂಧನೂರು ಭತ್ತದ ಗದ್ದೆ:
ಹತ್ತು ಎಣಿಸೋದರೊಳಗೆ ಮುಗಿಯುತ್ತೆ ಅಂತ ಹೇಳು ತಂಗೀ. ತುಂಡು ತೆಗೆದ ಮೇಲೆ ಅಲ್ಲೇ ಮೈಕ್ರೋಸ್ಕೋಪಿನ ಕೆಳಗೆ ನೋಡಿ, ಗ್ಲೋಮೆರುಲಸ್ ಬಂದಿವೆಯಾ ಅಂತ ಕೇಳು. ನಾಚಿಕೋಬೇಡ. ನಾನು ಕೇಳಲಿಲ್ಲ.