12×11 ಅಡಿ ಕೋಣೆ, ಹೆಚ್ಚಾಗಿ ಕರ್ನಾಟಕ ಸಂಗೀತ, 30 ಸಾವಿರ ರೂಪಾಯಿ: ಯಾವ ಬುಕ್‌ಶೆಲ್ಫ್ ಸ್ಪೀಕರ್, ಎಷ್ಟು ವ್ಯಾಟ್ ಆಂಪ್ಲಿಫೈಯರ್?

ಮಂದ್ರಪಂಚಮ

ಎಲ್ಲರಿಗೂ ನಮಸ್ಕಾರ. ಕೋಣೆ 12 ಅಡಿ ಉದ್ದ, 11 ಅಡಿ ಅಗಲ. ಸಿಮೆಂಟ್ ಗೋಡೆ, ವಿಟ್ರಿಫೈಡ್ ಟೈಲ್ಸ್ ನೆಲ, ಒಂದು ಪಕ್ಕದಲ್ಲಿ ಕಿಟಕಿ. ಕೇಳೋದು ಹೆಚ್ಚಾಗಿ ಕಛೇರಿ ರೆಕಾರ್ಡಿಂಗ್‌ಗಳು: ಗಂಡು ದನಿ, ಪಿಟೀಲು, ಮೃದಂಗ, ಘಟ. ಆಗಾಗ ಭಾವಗೀತೆ, ರಾತ್ರಿ ಟಿವಿ. ಸ್ಪೀಕರಿನಿಂದ ಎರಡೂವರೆ ಮೀಟರ್ ದೂರದಲ್ಲಿ ಕೂರ್ತೀನಿ. ಎಲ್ಲ ಸೇರಿ ಬಜೆಟ್ 30 ಸಾವಿರ.

ಗೊಂದಲ ಮೂರು. ಆಂಪ್ಲಿಫೈಯರ್ ಒಳಗೇ ಇರುವ ಸ್ಪೀಕರ್ ತಗೊಳ್ಳೋದಾ, ಬೇರೆ ಬೇರೆ ತಗೊಳ್ಳೋದಾ? ಹೆಚ್ಚುಕಮ್ಮಿ ಒಂದೇ ಬೆಲೆಯ ಎರಡು ಪುಟ್ಟ ಆಂಪ್‌ಗಳಲ್ಲಿ ಒಂದರ ಮೇಲೆ 300 ವ್ಯಾಟ್, ಇನ್ನೊಂದರ ಮೇಲೆ 50 ವ್ಯಾಟ್ ಅಂತ ಬರೆದಿದೆ, ಯಾವುದನ್ನು ನಂಬೋದು? ಕೊನೆಯದಾಗಿ, ಟಿವಿ ಸ್ಟ್ಯಾಂಡಿನ ಎರಡು ತುದಿಯಲ್ಲಿ ಇಟ್ಟರೆ ಸಾಕಾ?

ನಾಲ್ಕು_ಓಮ್

ವ್ಯಾಟ್ ಲೆಕ್ಕ ಮೊದಲು ಮುಗಿಸೋಣ. ಅದು ಬಗೆಹರಿದರೆ ಅರ್ಧ ಗೊಂದಲ ಹೋಗುತ್ತೆ.

ಸ್ಪೀಕರಿನ ವಿವರದಲ್ಲಿ ಸೆನ್ಸಿಟಿವಿಟಿ ಅಂತ ಒಂದು ಸಂಖ್ಯೆ ಇರುತ್ತೆ. 86 ಡಿಬಿ (ಡೆಸಿಬೆಲ್, ಸದ್ದಿನ ಅಳತೆ) ಅಂದರೆ ಸುಮಾರು ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಅಷ್ಟು ಸದ್ದು. ನೀವು ಕೂರುವ ಎರಡೂವರೆ ಮೀಟರಿಗೆ ಬಯಲಲ್ಲಾದರೆ 8 ಡಿಬಿ ಇಳಿಯುತ್ತೆ, ನಿಮ್ಮಂಥ ಸಿಮೆಂಟ್ ಕೋಣೆಯಲ್ಲಿ 5 ಅಂತ ಹಿಡಿಯಿರಿ. ಎರಡು ಸ್ಪೀಕರ್ ಸೇರಿದರೆ 3 ವಾಪಸ್ ಬರುತ್ತೆ. ಅಲ್ಲಿಗೆ ತಲಾ ಒಂದು ವ್ಯಾಟಿಗೇ ನಿಮ್ಮ ಕಿವಿಯ ಹತ್ತಿರ 84 ಡಿಬಿ. ಮನೆಯಲ್ಲಿ ನೆಮ್ಮದಿಯಾಗಿ ಕೇಳುವ ಸರಾಸರಿ ಮಟ್ಟ 70ರಿಂದ 75. ಮೃದಂಗದ ಗಟ್ಟಿ ಪೆಟ್ಟು ಸರಾಸರಿಗಿಂತ 18 ಡಿಬಿ ಮೇಲೆ ಹೋದರೂ 93 ಆಯಿತು, ಅಂದರೆ ಒಂದು ವ್ಯಾಟಿಗಿಂತ 9 ಡಿಬಿ ಹೆಚ್ಚು. ಶಕ್ತಿ ಇಮ್ಮಡಿಯಾದಾಗೆಲ್ಲ 3 ಡಿಬಿ ಏರುವುದರಿಂದ ಇದಕ್ಕೆ ಬೇಕಾದದ್ದು 8 ವ್ಯಾಟ್. ಮುಂಜಾಗ್ರತೆಗೆ ಇನ್ನೊಂದು ಇಮ್ಮಡಿ ಸೇರಿಸಿದರೆ 16. ಶುದ್ಧವಾದ 25-30 ವ್ಯಾಟ್ ನಿಮ್ಮ ಕೋಣೆಗೆ ಧಾರಾಳ.

ಒಂದು ಎಚ್ಚರ. ಸೆನ್ಸಿಟಿವಿಟಿಯನ್ನು ಬಹುತೇಕ ಎಲ್ಲರೂ 2.83 ವೋಲ್ಟ್ ಕೊಟ್ಟು ಅಳೆಯುತ್ತಾರೆ. 8 ಓಮ್ (ವಿದ್ಯುತ್ ಪ್ರತಿರೋಧದ ಅಳತೆ) ಸ್ಪೀಕರಿಗೆ ಅದು ಒಂದು ವ್ಯಾಟ್, 4 ಓಮ್ ಸ್ಪೀಕರಿಗೆ ಎರಡು ವ್ಯಾಟ್. ಹಾಗಾಗಿ 4 ಓಮ್ ಸ್ಪೀಕರಿನ 88ನ್ನೂ 8 ಓಮ್ ಸ್ಪೀಕರಿನ 88ನ್ನೂ ಸಮ ಅಂತ ತಿಳಿಯಬೇಡಿ. ಮೊದಲನೆಯದು ನಿಜಕ್ಕೆ 85.

300 ವ್ಯಾಟಿನ ಗುಟ್ಟು ಅಡಾಪ್ಟರಿನ ಮೇಲೇ ಬರೆದಿರುತ್ತೆ. ಅದರ ವೋಲ್ಟನ್ನು ಆಂಪಿಯರ್ ಸಂಖ್ಯೆಯಿಂದ ಗುಣಿಸಿ. 32 ವೋಲ್ಟ್, 5 ಆಂಪಿಯರ್ ಇದ್ದರೆ 160 ವ್ಯಾಟ್. ಎರಡೂ ಚಾನೆಲ್ ಕೂಡಿ ಅದಕ್ಕಿಂತ ಹೆಚ್ಚನ್ನು ಬಿಡದೆ ಕೊಡುವುದು ಸಾಧ್ಯವೇ ಇಲ್ಲ. ಒಂದು ಚಾನೆಲ್ಲಿನ ಮಿತಿ ಬೇಕಿದ್ದರೆ ವೋಲ್ಟಿನ ವರ್ಗವನ್ನು ಓಮಿನ ಎರಡರಷ್ಟರಿಂದ ಭಾಗಿಸಿ. 24 ವೋಲ್ಟ್, 8 ಓಮಿಗೆ 36 ಬರುತ್ತೆ, ನಷ್ಟ ಕಳೆದರೆ 30. ಅದೇ 32 ವೋಲ್ಟಿಗೆ 64, ಕಳೆದು 55ರ ಆಸುಪಾಸು. ನೀವು ಹೇಳಿದ ಆ ಎರಡು ಡಬ್ಬಿಗಳ ನಡುವೆ ವಾಸ್ತವದಲ್ಲಿ ಇರುವ ಅಂತರ ಎರಡೂವರೆ ಡಿಬಿ ಅಷ್ಟೇ ಇರಬಹುದು. ಕಿವಿಗೆ ಅದು ಸ್ವಲ್ಪವೇ ಸ್ವಲ್ಪ.

ಒಳಗಿನ ಚಿಪ್ ಯಾವುದು ಅಂತ ಕೇಳಿ ತಿಳಿದುಕೊಳ್ಳಿ. ಟಿಪಿಎ3116 ಚಿಪ್ 26 ವೋಲ್ಟಿನವರೆಗೆ ಮಾತ್ರ ಕೆಲಸ ಮಾಡುತ್ತೆ. ಶಕ್ತಿ ಹೆಚ್ಚಲಿ ಅಂತ ಅದಕ್ಕೆ 32 ವೋಲ್ಟ್ ಅಡಾಪ್ಟರ್ ಹಾಕಿದರೆ ಆ ಕ್ಷಣವೇ ಸುಟ್ಟುಹೋಗಬಹುದು. ಟಿಪಿಎ3255 ಐವತ್ತು ವೋಲ್ಟಿನ ಆಚೆಗೂ ತಾಳುತ್ತೆ, ಆದರೆ ಅದೇ ಬೋರ್ಡಿನ ಕೆಪ್ಯಾಸಿಟರ್‌ಗಳು ತಾಳುತ್ತವೆ ಅನ್ನುವ ಭರವಸೆ ಇಲ್ಲ. ಡಬ್ಬಿಯ ಮೇಲಿನ ಗರಿಷ್ಠ ವೋಲ್ಟ್ ದಾಟಬೇಡಿ. ದುಡ್ಡು ಹೊಂದುವುದಾದರೆ 3255 ಚಿಪ್ಪಿನದ್ದು ತಗೊಳ್ಳಿ. ವ್ಯಾಟಿಗಲ್ಲ, ಜೋರು ಪೆಟ್ಟಿಗೂ ದನಿ ಒಡೆಯದಿರಲಿ ಅಂತ. ಅಡಾಪ್ಟರ್ ಬಡವಾದರೆ ತನಿ ಆವರ್ತನದ (ತಾಳವಾದ್ಯಗಳದ್ದೇ ಸರದಿ) ಮುಕ್ತಾಯದಲ್ಲಿ ಆಂಪ್ ಒಂದು ಕ್ಷಣ ಆರಿ ಮತ್ತೆ ಹೊತ್ತಿಕೊಳ್ಳುತ್ತೆ. ಅದು ಆಂಪ್‌ನ ದೋಷವಲ್ಲ, ಅಡಾಪ್ಟರ್ ಸೋತ ಲಕ್ಷಣ.

ಬಜೆಟ್ಟಿನ ಮೂರರಲ್ಲಿ ಎರಡು ಪಾಲು ಸ್ಪೀಕರಿಗೇ ಹೋಗಲಿ. ವೂಫರ್ (ತಗ್ಗು ಸ್ವರ ನುಡಿಸುವ ದೊಡ್ಡ ಕೋನು) ಐದು ಇಂಚಿಗೆ ಕಡಿಮೆ ಬೇಡ. ನಾಲ್ಕು ಇಂಚಿನದು ಮೃದಂಗದ ಎಡಗೈ ತೊಪ್ಪಿಯ ಗುಮ್ಕಿಯನ್ನು (ಗುಮ್ಮೆನ್ನುವ ತಗ್ಗು ನಾದ) ಪೂರ್ತಿ ಎತ್ತಲಾರದು, ಎಷ್ಟು ವ್ಯಾಟ್ ಕೊಟ್ಟರೂ ಅಷ್ಟೇ. ಎಲಾಕ್ ಡೆಬ್ಯೂ ಬಿ5.2 ನೋಡಿ: 86 ಡಿಬಿ, 6 ಓಮ್, ಗಾಳಿರಂಧ್ರ ಮುಂಭಾಗದಲ್ಲೇ ಇದೆ. ಕ್ಯೂ ಅಕೌಸ್ಟಿಕ್ಸ್ 3020ಐ ಕೂಡ ಒಳ್ಳೆಯದು: 88 ಡಿಬಿ, 6 ಓಮ್, ರಂಧ್ರ ಹಿಂದೆ. ಹೊಸದು ಬಜೆಟ್ ಮೀರಿದರೆ ಬಳಸಿದ ಜೋಡಿ ಹುಡುಕಿ. ಕೋನಿನ ಸುತ್ತಲಿನ ಅಂಚು ರಬ್ಬರಿನದೋ ಫೋಮಿನದೋ ಅಂತ ಮುಟ್ಟಿ ನೋಡಿ. ಹಳೆಯ ಫೋಮ್ ಬೆರಳಿಗೆ ಪುಡಿಯಾಗಿ ಅಂಟಿದರೆ ಬಿಟ್ಟುಬಿಡಿ. ಮಂಗಳೂರು, ಉಡುಪಿ ಕಡೆಯ ತೇವದಲ್ಲಿದ್ದ ಸ್ಪೀಕರಾದರೆ ಇದನ್ನು ನೋಡದೆ ದುಡ್ಡು ಕೊಡಲೇಬೇಡಿ.

ಆಂಪ್ ಒಳಗೇ ಇರುವುದರಲ್ಲಿ ಎಡಿಫೈರ್ ಆರ್1280ಡಿಬಿ ತರಹದವು ಸಲೀಸು. ಟಿವಿಯ ಆಪ್ಟಿಕಲ್ (ಬೆಳಕಿನ ಕೇಬಲ್), ಬ್ಲೂಟೂತ್, ರಿಮೋಟ್ ಎಲ್ಲ ಇದೆ. ಬಜೆಟ್ 15 ಸಾವಿರದೊಳಗೆ ಅಂದಿದ್ದರೆ ಅದನ್ನೇ ಹೇಳುತ್ತಿದ್ದೆ. ಆದರೆ ವೂಫರ್ ನಾಲ್ಕೇ ಇಂಚು, ಒಳಗಿನ ಬೋರ್ಡ್ ಕೆಟ್ಟರೆ ಜೋಡಿಯೇ ಮೂಲೆ ಸೇರುತ್ತೆ. ನಿಮ್ಮ ಬಜೆಟ್ಟಿಗೆ ಬೇರೆ ಬೇರೆ ತಗೊಳ್ಳುವುದೇ ಸರಿ.

ಶ್ರುತಿಪೆಟ್ಟಿಗೆ

ಮೇಲಿನ ಲೆಕ್ಕ ಸರಿಯಾಗಿದೆ. ನನ್ನ ಮಾತು ಮೂರನೇ ಪ್ರಶ್ನೆಗೆ. ಗಾಯನ ಕೇಳುವವರು ಆಂಪ್‌ಗಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದ್ದು ಇದಕ್ಕೇ.

ಸ್ಪೀಕರಿನ ತಗ್ಗು ಸ್ವರಗಳು ಹಿಂದಕ್ಕೂ ಹರಡಿ, ಗೋಡೆಗೆ ಬಡಿದು, ಮುಂದಿನ ಸದ್ದಿನ ಜೊತೆ ಸೇರುತ್ತವೆ. ಒಂದು ನಿರ್ದಿಷ್ಟ ಕಂಪನದಲ್ಲಿ ಅವೆರಡೂ ಎದುರುಬದುರಾಗಿ ಒಂದನ್ನೊಂದು ಅಳಿಸುತ್ತವೆ. ಅದು ಯಾವುದು ಅಂತ ತಿಳಿಯಲು 8600 ಅನ್ನು ಸ್ಪೀಕರಿನ ಮುಂಭಾಗದಿಂದ ಹಿಂದಿನ ಗೋಡೆಗಿರುವ ದೂರದಿಂದ, ಸೆಂಟಿಮೀಟರಿನಲ್ಲಿ, ಭಾಗಿಸಿ. 60 ಸೆಂ.ಮೀ. ಇದ್ದರೆ 143 ಹರ್ಟ್ಜ್.

ಈಗ ಇದನ್ನು ಶ್ರುತಿಯ ಪಕ್ಕ ಇಡಿ. ಸಿ ಶಾರ್ಪ್ ಶ್ರುತಿಯಲ್ಲಿ ಹಾಡುವ ಗಂಡು ದನಿಯ ಮಧ್ಯ ಷಡ್ಜ 139 ಹರ್ಟ್ಜ್, ಮಂದ್ರ ಪಂಚಮ 104. ಅಂದರೆ ಸ್ಪೀಕರಿನ ಮುಖ ಗೋಡೆಯಿಂದ 60ರಿಂದ 85 ಸೆಂ.ಮೀ. ನಡುವೆ ಎಲ್ಲಿದ್ದರೂ ಪೆಟ್ಟು ಬೀಳುವುದು ಷಡ್ಜಕ್ಕೋ ಅದರ ಕೆಳಗಿನ ಪಂಚಮಕ್ಕೋ. ತಂಬೂರಿ ಬಡವಾಗುತ್ತೆ, ಗಾಯಕರ ದನಿಗೆ ಎದೆಯೇ ಇಲ್ಲದ ಹಾಗೆ ಕೇಳುತ್ತೆ, ಜನ ಸ್ಪೀಕರನ್ನು ಬಯ್ಯುತ್ತಾರೆ. ಜಿ ಶ್ರುತಿಯ ಹೆಣ್ಣು ದನಿಗೆ ಇದೇ ಲೆಕ್ಕ ಹಾಕಿದರೆ ಕೆಡುವ ಜಾಗ 44ರಿಂದ 58 ಸೆಂ.ಮೀ.

ನಿಮಗೆ ಇರುವ ದಾರಿ ಎರಡು. ಗೋಡೆಯಿಂದ ಒಂದು ಮೀಟರಿಗೂ ಮುಂದೆ ತನ್ನಿ, ಆಗ ಕುಸಿತ 86 ಹರ್ಟ್ಜಿಗೆ, ಹಾಡುವ ದನಿಯ ಕೆಳಕ್ಕೆ ಇಳಿಯುತ್ತೆ. 12 ಅಡಿ ಕೋಣೆಯಲ್ಲಿ ಇದು ಕಷ್ಟ. ಇಲ್ಲವೇ ಗೋಡೆಗೆ ಆದಷ್ಟೂ ಒತ್ತರಿಸಿ. ಬಿ5.2ರ ಆಳ 23 ಸೆಂ.ಮೀ. ಇರುವುದರಿಂದ ಹಿಂದೆ ವೈರಿಗೆ ಜಾಗ ಬಿಟ್ಟು ಮುಖ 30ಕ್ಕೆ ಬರುತ್ತೆ, ಕುಸಿತ 287ಕ್ಕೆ ಏರುತ್ತೆ. ಅಲ್ಲೂ ಸ್ವರಗಳಿವೆ, ನಿಜ. ಆದರೆ ಆ ಎತ್ತರದ ಸದ್ದನ್ನು ತಡೆಯುವುದು ಸುಲಭ: ಸ್ಪೀಕರ್ ಹಿಂದಿನ ಗೋಡೆಯ ಆ ಭಾಗದಲ್ಲಿ ರಾಕ್‌ವುಲ್ (ಕಲ್ಲುನಾರು) ಹಲಗೆಯನ್ನು ಬಟ್ಟೆ ಸುತ್ತಿ ನಿಲ್ಲಿಸಿ, ಜಾಗ ಇದ್ದಷ್ಟು ದಪ್ಪ. ಅಂಗಡಿಯಲ್ಲಿ ಸಿಗುವ ಒಂದಿಂಚಿನ ಮೊಟ್ಟೆ ಟ್ರೇ ಫೋಮ್ ಇದಕ್ಕೆ ಉಪಯೋಗವಿಲ್ಲ. ಗೋಡೆಗೆ ಒತ್ತರಿಸಿದಾಗ ತಗ್ಗು ಸದ್ದು ಉಬ್ಬುತ್ತೆ. ಹಿಂದೆ ರಂಧ್ರವಿರುವ ಸ್ಪೀಕರಾದರೆ ಜೊತೆಗೆ ಬರುವ ಫೋಮ್ ಬಿರಡೆ ಹಾಕಿ, ಅದಿಲ್ಲದಿದ್ದರೆ ಸುತ್ತಿದ ಹತ್ತಿ ಕಾಲುಚೀಲ ಸಾಕು. ಪಕ್ಕದ ಗೋಡೆಯ ದೂರವೂ ಹಿಂದಿನ ಗೋಡೆಯ ದೂರವೂ ಒಂದೇ ಆಗದಿರಲಿ, ಒಂದೇ ಆದಲ್ಲಿ ಎರಡು ಕುಸಿತಗಳು ಒಂದೇ ಸ್ವರದ ಮೇಲೆ ಬೀಳುತ್ತವೆ.

ಕೋಣೆಯೂ ತಾನೇ ಒಂದು ವಾದ್ಯ. 12 ಅಡಿ 47 ಹರ್ಟ್ಜಿಗೆ ಮೊಳಗುತ್ತೆ, 11 ಅಡಿ 51ಕ್ಕೆ. ಎರಡೂ ಅಕ್ಕಪಕ್ಕ ಇರುವುದರಿಂದ ಅಲ್ಲಿ ಗುಮ್ಮೆನ್ನುವುದು ಸಹಜ. ಬೆನ್ನಿಗೆ ಗೋಡೆ ತಾಗುವಂತೆ ಕೂತರೆ ಅದು ಅತಿ, ಕೋಣೆಯ ನಟ್ಟನಡುವೆ ಕೂತರೆ ತಗ್ಗು ಸದ್ದೇ ಮಾಯ. ನಿಮ್ಮ ಎರಡೂವರೆ ಮೀಟರ್ ಲೆಕ್ಕದಲ್ಲಿ ಬೆನ್ನ ಹಿಂದೆ ಎರಡೂವರೆ ಅಡಿಗೂ ಹೆಚ್ಚು ಉಳಿಯುತ್ತೆ, ಅದು ಒಳ್ಳೆಯ ಜಾಗ. ಟೈಲ್ಸ್ ಮೇಲೆ, ಸ್ಪೀಕರಿಗೂ ನಿಮಗೂ ಮಧ್ಯೆ ಒಂದು ದಪ್ಪ ಜಮಖಾನ ಹಾಸಿ. ನವಲಗುಂದದ್ದಾದರೆ ಚಂದವೂ ಆಯಿತು. ಅದು ತಗ್ಗು ಸದ್ದನ್ನು ಮುಟ್ಟುವುದಿಲ್ಲ, ಘಟದ ಚುರುಕು ಕಿವಿಗೆ ಕುಕ್ಕುವುದನ್ನು ತಗ್ಗಿಸುತ್ತೆ. ಕಿಟಕಿಗೆ ದಪ್ಪ ಪರದೆಯೂ ಅದಕ್ಕೇ.

ಟಿವಿ ಸ್ಟ್ಯಾಂಡಿನ ಖಾನೆಯೊಳಗೆ ಮಾತ್ರ ತುರುಕಬೇಡಿ. ಮೇಲೆ, ಮುಂದಿನ ಅಂಚಿಗೆ ಸಮವಾಗಿ, ಒಂದರಿಂದೊಂದು ಆರೇಳು ಅಡಿ ದೂರದಲ್ಲಿ ಇಡಿ.

ಮಂದ್ರಪಂಚಮ

ಇಬ್ಬರಿಗೂ ಧನ್ಯವಾದ. ಗೋಡೆಗೆ ಒತ್ತರಿಸುವುದೇ ನನಗೆ ಸಾಧ್ಯ. ಆಂಪ್ 3255 ಚಿಪ್ಪಿನದು, 32 ವೋಲ್ಟ್ ಅಡಾಪ್ಟರ್ ಅಂತ ನಿಶ್ಚಯ ಮಾಡಿದೆ. ಅದರಲ್ಲಿ ಆಪ್ಟಿಕಲ್ ಇಲ್ಲ. ಟಿವಿಗೆ ಬ್ಲೂಟೂತ್ ಆಗುತ್ತಾ? ವೈರ್ ಯಾವುದು? ಒಂದು ಸ್ಪೀಕರಿಗೆ 5 ಮೀಟರ್ ಬೇಕು. ಜೋಡಿಸುವಾಗ ಏನು ನೋಡಿಕೊಳ್ಳಬೇಕು? ನೆಲದ ಮೇಲೆ ಚಾಪೆ ಹಾಕಿ ಕೂತು ಕೇಳುವ ಅಭ್ಯಾಸವೂ ಇದೆ, ಎತ್ತರ ಎಷ್ಟಿರಬೇಕು?

ಬೆಸುಗೆಕಡ್ಡಿ

ಹಾಡಿಗೆ ಬ್ಲೂಟೂತ್ ಸಾಕು, ಟಿವಿಗೆ ಬೇಡ. ಸದ್ದು ತುಟಿಚಲನೆಗಿಂತ ಹಿಂದೆ ಬೀಳುತ್ತೆ, ವಾರ್ತೆ ನೋಡುವಾಗ ಕಣ್ಣಿಗೆ ಕಿರಿಕಿರಿ. ಆಪ್ಟಿಕಲ್ಲಿನಿಂದ ಆರ್‌ಸಿಎಗೆ (ಕೆಂಪು-ಬಿಳಿ ಪಿನ್) ಬದಲಿಸುವ ಪುಟ್ಟ ಡ್ಯಾಕ್ ಡಬ್ಬಿ ತಗೊಳ್ಳಿ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೂ ಸಿಗುತ್ತೆ, ಆನ್‌ಲೈನಿನಲ್ಲೂ. ಟಿವಿಯ ಆಡಿಯೋ ಸೆಟ್ಟಿಂಗಿನಲ್ಲಿ ಪಿಸಿಎಂ ಆರಿಸಿ. ಡಾಲ್ಬಿ ಅಂತಲೇ ಬಿಟ್ಟರೆ ಈ ಡಬ್ಬಿಗಳಿಂದ ಸದ್ದೇ ಬರುವುದಿಲ್ಲ, ಜನ ಡಬ್ಬಿ ಕೆಟ್ಟಿದೆ ಅಂತ ವಾಪಸ್ ಕಳಿಸುತ್ತಾರೆ.

ವೈರ್: 5 ಮೀಟರಿಗೆ 1.5 ಚದರ ಮಿ.ಮೀ. ತಾಮ್ರ. ಹೋಗಿಬರುವ 10 ಮೀಟರಿಗೆ ಪ್ರತಿರೋಧ ಸುಮಾರು 0.12 ಓಮ್, 6 ಓಮ್ ಸ್ಪೀಕರಿಗೆ ಇದು ಲೆಕ್ಕಕ್ಕಿಲ್ಲ. ಎಲೆಕ್ಟ್ರಿಕಲ್ ಅಂಗಡಿಯ ಎಳೆಎಳೆಯ ಮನೆ ವೈರೇ ಆಗುತ್ತೆ, ಎರಡು ಬಣ್ಣ ತಂದು ಹೆಣೆಯಿರಿ. ಸ್ಪೀಕರ್ ವೈರ್ ಅಂತ ಅಗ್ಗಕ್ಕೆ ಮಾರುವುದರಲ್ಲಿ ಎಷ್ಟೋ ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಒಂದು ಎಳೆಯನ್ನು ಬ್ಲೇಡಿನಲ್ಲಿ ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ಬೇಡ. ಪ್ರತಿರೋಧ ಒಂದೂವರೆ ಪಟ್ಟು, ಅದಕ್ಕಿಂತ ಹೆಚ್ಚಾಗಿ ಸ್ಕ್ರೂ ಕೆಳಗೆ ತುಂಡಾಗುವ ಗುಣ.

ಜೋಡಣೆಯಲ್ಲಿ ಇವುಗಳನ್ನು ಸುಡುವ ತಪ್ಪು ಒಂದೇ. ಈ ಚಿಪ್‌ಗಳಲ್ಲಿ ಪ್ಲಸ್ಸಿನ ಹಾಗೆ ಮೈನಸ್ಸಿಗೂ ಸಂಕೇತ ಬರುತ್ತೆ, ಅದು ಅರ್ತ್ ಅಲ್ಲ. ಎಡಬಲದ ಮೈನಸ್‌ಗಳನ್ನು ಒಂದಕ್ಕೊಂದು ಸೇರಿಸಬೇಡಿ. ಒಂದೇ ಮೈನಸ್ ಇರುವ ಹಳೆಯ ಸ್ಪೀಕರ್ ಸೆಲೆಕ್ಟರ್ ಡಬ್ಬಿಗೋ ಹೆಡ್‌ಫೋನ್ ಜಾಕಿಗೋ ಕೊಡಬೇಡಿ. ವೈರಿನ ಒಂದೆಳೆ ಪಕ್ಕದ ಟರ್ಮಿನಲ್ಲಿಗೆ ತಾಗಿದರೂ ಅಪಾಯ. ಎಳೆಗಳನ್ನು ಬಿಗಿಯಾಗಿ ಹೊಸೆದು ಒಂದು ಸೆಂ.ಮೀ. ಮಾತ್ರ ಸುಲಿಯಿರಿ, ಎಲ್ಲ ಮುಗಿದ ಮೇಲೆ ಅಡಾಪ್ಟರ್ ಚುಚ್ಚಿ.

ಪ್ಲಸ್-ಮೈನಸ್ ಅದಲುಬದಲಾದರೆ ಏನೂ ಸುಡುವುದಿಲ್ಲ, ಆದರೆ ಮೃದಂಗ ಸೊರಗುತ್ತೆ, ಗಾಯಕರು ಮಧ್ಯದಲ್ಲಿ ನಿಲ್ಲದೆ ಎಲ್ಲೋ ಹರಡಿಕೊಂಡ ಹಾಗೆ ಕೇಳುತ್ತೆ. ಅನುಮಾನ ಬಂದರೆ ಆಂಪ್ ಕಡೆಯ ವೈರ್ ಎರಡನ್ನೂ ಬಿಚ್ಚಿ ಒಂದೂವರೆ ವೋಲ್ಟಿನ ಸೆಲ್ಲಿಗೆ ಕ್ಷಣಕಾಲ ತಾಗಿಸಿ. ಸೆಲ್ಲಿನ ಪ್ಲಸ್ ನೀವು ಪ್ಲಸ್ ಅಂದುಕೊಂಡ ವೈರಿಗೆ ಸಿಕ್ಕಿದಾಗ ವೂಫರ್ ಹೊರಕ್ಕೆ ಚಿಮ್ಮಬೇಕು, ಎರಡೂ ಸ್ಪೀಕರಿನಲ್ಲೂ.

ಝುಂಯ್ ಅನ್ನುವ ಸದ್ದು ಬಂದರೆ ಇನ್‌ಪುಟ್ ವೈರ್‌ಗಳನ್ನು ಒಂದೊಂದಾಗಿ ಕಿತ್ತು ಯಾವುದು ಕಾರಣ ಅಂತ ನೋಡಿ. ಸಾಮಾನ್ಯವಾಗಿ ಡಿಶ್ ಕೇಬಲ್ ಅಥವಾ ಲ್ಯಾಪ್‌ಟಾಪ್ ಚಾರ್ಜರ್. ಚಾರ್ಜರ್ ತೆಗೆದಾಗ ನಿಂತರೆ ಅದು ಅರ್ತ್ ಸುತ್ತು, ಅಂಥ ಕಡೆ ಆಪ್ಟಿಕಲ್ ಬಳಸಿ ಅಥವಾ ಮಧ್ಯೆ ಆಡಿಯೋ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ. ಮೂರು ಪಿನ್ನಿನ ಅರ್ತ್ ಪಿನ್ ಮುರಿಯುವ ಉಪಾಯ ಯಾರೇ ಹೇಳಿದರೂ ಮಾಡಬೇಡಿ, ಅದು ಜೀವಕ್ಕೆ ಸಂಬಂಧಿಸಿದ ಪಿನ್.

ಎತ್ತರ: ಟ್ವೀಟರ್ (ಮೇಲಿನ ಸ್ವರ ನುಡಿಸುವ ಚಿಕ್ಕ ಭಾಗ) ಕಿವಿಯ ಮಟ್ಟಕ್ಕೆ. ಸೋಫಾದಲ್ಲಿ ಅದು 90ರಿಂದ 95 ಸೆಂ.ಮೀ., ಚಾಪೆ ಮೇಲೆ 70-75. ನೀವು ಎರಡೂ ಕಡೆ ಕೂರುವುದಾದರೆ ಟ್ವೀಟರ್ 85ರಲ್ಲಿ ಬರುವಂತೆ ಇಡಿ. ಬಿ5.2 ಎತ್ತರ 34 ಸೆಂ.ಮೀ., 60ರ ಸ್ಟ್ಯಾಂಡ್ ಹಾಕಿದರೆ ಸರಿಹೋಗುತ್ತೆ. ಚಾಪೆ ಹಾಸಿದ ದಿನ ಪೆಟ್ಟಿಗೆಯ ಹಿಂಭಾಗದ ಅಡಿಗೆ ಒಂದು ಸೆಂ.ಮೀ. ದಪ್ಪದ ರಬ್ಬರ್ ತುಂಡು ಕೊಟ್ಟು ಮುಖವನ್ನು ಸ್ವಲ್ಪ ಕೆಳಕ್ಕೆ ಬಾಗಿಸಿ.